ವಿಎಂ ಒಳಗೆ ನೆಟ್ ಬರ್ತಿಲ್ವಾ? ಅಳಿಸಿ ಹೊಸದಾಗಿ ಹಾಕುವ ಮೊದಲು ಇಷ್ಟು ನೋಡಿ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವವರ ಲ್ಯಾಪ್‌ಟಾಪ್ ಒಂದೇ ದಿನದಲ್ಲಿ ಮೂರು ನೆಟ್‌ವರ್ಕ್ ದಾಟುತ್ತದೆ. ಬೆಳಿಗ್ಗೆ ಲ್ಯಾಬಿನಲ್ಲಿ ಲ್ಯಾನ್ ಕೇಬಲ್, ಮಧ್ಯಾಹ್ನ ಕ್ಯಾಂಪಸ್ ವೈಫೈ, ರಾತ್ರಿ ವಿದ್ಯಾನಗರದ ರೂಮಿನಲ್ಲೋ ನಿಟುವಳ್ಳಿಯ ಪಿಜಿಯಲ್ಲೋ ಫೋನಿನ ಹಾಟ್‌ಸ್ಪಾಟ್. ಲ್ಯಾಪ್‌ಟಾಪ್ ಹೇಗೋ ಹೊಂದಿಕೊಳ್ಳುತ್ತದೆ. ಅದರೊಳಗೆ ಸಾಫ್ಟ್‌ವೇರ್ ಮೂಲಕ ಇನ್ನೊಂದು ಕಂಪ್ಯೂಟರಿನಂತೆ ಓಡುವ ವರ್ಚುವಲ್ ಮಷೀನ್‌ಗೆ, ಅಂದರೆ ವಿಎಂಗೆ, ಹೊರಗೆ ಏನು ಬದಲಾಯಿತು ಅನ್ನುವುದೇ ಎಷ್ಟೋ ಸಲ ತಿಳಿದಿರುವುದಿಲ್ಲ. ವಿಎಂನಲ್ಲಿ ಬೆಳಿಗ್ಗೆ ಚೆನ್ನಾಗಿದ್ದ ಉಬುಂಟು ಲಿನಕ್ಸ್ ರಾತ್ರಿ "ನೆಟ್‌ವರ್ಕ್ ಈಸ್ ಅನ್‌ರೀಚಬಲ್" ಅನ್ನುತ್ತದೆ. ಆಗ ಹೆಚ್ಚಿನವರು ಸೆಟ್ಟಿಂಗ್ಸ್‌ನಲ್ಲಿ ಕಂಡಿದ್ದನ್ನೆಲ್ಲ ಒತ್ತಿ ನೋಡುತ್ತಾರೆ. ಅದೂ ಆಗದಿದ್ದರೆ ವಿಎಂ ಅಳಿಸಿ ಹೊಸದಾಗಿ ಹಾಕುತ್ತಾರೆ. ಹೊಸದರಲ್ಲಿ ನೆಟ್ ಬರುತ್ತದೆ, ನಿಜ. ಯಾಕೆಂದರೆ ವಿಎಂ ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಹೊಸ ವಿಎಂ ತಾನಾಗಿ ನ್ಯಾಟ್ ಮೋಡಿನಲ್ಲಿ, ಅಂದರೆ ಲ್ಯಾಪ್‌ಟಾಪಿನ ಹಿಂದೆ ನಿಂತು ಅದರ ನೆಟ್ಟನ್ನೇ ಬಳಸುವ ಬಗೆಯಲ್ಲಿ, ಶುರುವಾಗುತ್ತದೆ. ಹಳೆಯದರಲ್ಲೇ ಅದೊಂದನ್ನು ಬದಲಿಸಿದ್ದರೆ ಸಾಕಿತ್ತು.

ಭದ್ರಾ ನಾಲೆಯ ಕೊನೆ ಭಾಗದ ರೈತ ಗದ್ದೆಗೆ ನೀರು ಬರಲಿಲ್ಲ ಅಂತ ಗದ್ದೆ ಅಗೆಯುತ್ತಾ ಕೂರುವುದಿಲ್ಲ. ನಾಲೆಯ ಏರಿ ಹಿಡಿದು ಮೇಲಕ್ಕೆ ನಡೆಯುತ್ತಾನೆ, ನೀರು ಎಲ್ಲಿಯವರೆಗೆ ಬಂದಿದೆ, ಯಾವ ತೂಬಿನಲ್ಲಿ ನಿಂತಿದೆ ಅಂತ ನೋಡುತ್ತಾನೆ. ಈ ಲೇಖನದಲ್ಲಿ ನಾವು ಮಾಡುವುದೂ ಅದನ್ನೇ: ವಿಎಂ ಒಳಗಿನಿಂದ ಹೊರಕ್ಕೆ ಒಂದೊಂದೇ ಹಂತ ಹೋಗುವುದು, ನಿಂತಿರುವ ಜಾಗ ಸಿಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟದಿರುವುದು.

ಎರಡು ಪದ ಮೊದಲೇ ತಿಳಿದಿರಲಿ. ನಿಮ್ಮ ನಿಜವಾದ ಕಂಪ್ಯೂಟರ್ ಹೋಸ್ಟ್, ಒಳಗೆ ಓಡುವ ವಿಎಂ ಗೆಸ್ಟ್. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ.

ಹಂತ 1: ಹೋಸ್ಟ್‌ನಲ್ಲಿ ನೆಟ್ ಇದೆಯೇ?

ನಗಬೇಡಿ, ಇದನ್ನೇ ಬಿಟ್ಟು ಮುಂದೆ ಹೋಗುವವರು ಬಹಳ ಜನ. ಹೋಸ್ಟ್‌ನ ಬ್ರೌಸರ್‌ನಲ್ಲಿ ನೀವು ಈ ಹಿಂದೆ ತೆರೆಯದ ಯಾವುದಾದರೂ ಸೈಟ್ ತೆರೆಯಿರಿ. ಹಳೆಯ ಟ್ಯಾಬ್‌ನಲ್ಲಿ ಪುಟ ಕಾಣುತ್ತಿದ್ದರೆ ಅದು ಸಾಕ್ಷಿಯಲ್ಲ. ಹಾಸ್ಟೆಲ್ ಅಥವಾ ಕ್ಯಾಂಪಸ್ ವೈಫೈ ಆಗಿದ್ದರೆ ಲಾಗಿನ್ ಪುಟ ಬರುತ್ತಿದೆಯೇ ನೋಡಿ. ಹೋಸ್ಟ್‌ನಲ್ಲೇ ಇಲ್ಲದ್ದು ಗೆಸ್ಟ್‌ಗೆ ಬರುವುದಿಲ್ಲ.

ಹಂತ 2: ಗೆಸ್ಟ್‌ಗೆ ಯಾವ ವಿಳಾಸ ಸಿಕ್ಕಿದೆ?

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಗೆಸ್ಟ್ ಲಿನಕ್ಸ್ ಆಗಿದ್ದರೆ ಟರ್ಮಿನಲ್‌ನಲ್ಲಿ "ಐಪಿ ಎ", ವಿಂಡೋಸ್ ಆಗಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಐಪಿಕಾನ್ಫಿಗ್" ಕೊಡಿ. 127.0.0.1 ಎಂಬ ಸಾಲು ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ, ಅದನ್ನು ಬಿಟ್ಟುಬಿಡಿ. ಇನ್ನೊಂದು ಸಾಲಿನಲ್ಲಿ ಕಾಣುವ ಸಂಖ್ಯೆಗಳನ್ನು ಓದಲು ಬಂದರೆ ಅರ್ಧ ಕೆಲಸ ಮುಗಿಯಿತು.

10.0.2.15 ಅಂತಿದ್ದರೆ ವರ್ಚುವಲ್‌ಬಾಕ್ಸ್‌ನ ನ್ಯಾಟ್ ಮೋಡ್ ಸರಿಯಾಗಿ ಕೆಲಸ ಮಾಡುತ್ತಿದೆ. ಇದರಲ್ಲಿ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, 10.0.2.2; ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ, 10.0.2.3. ಪಕ್ಕದವರ ವಿಎಂನಲ್ಲೂ ಇದೇ 10.0.2.15 ಕಂಡರೆ ಗಾಬರಿ ಬೇಡ. ನ್ಯಾಟ್‌ನಲ್ಲಿ ಪ್ರತಿ ವಿಎಂ ತನ್ನದೇ ಗೋಡೆಯ ಹಿಂದೆ ಇರುತ್ತದೆ, ಹಾಗಾಗಿ ಎಲ್ಲರಿಗೂ ಅದೇ ಸಂಖ್ಯೆ.

192.168.56 ಎಂದು ಶುರುವಾಗಿದ್ದರೆ ಅದು ವರ್ಚುವಲ್‌ಬಾಕ್ಸ್‌ನ ಹೋಸ್ಟ್-ಓನ್ಲಿ. ಹೋಸ್ಟ್ ಜತೆ ಮಾತಾಡಬಹುದು, ಇಂಟರ್ನೆಟ್ ಇಲ್ಲ. ಕೆಟ್ಟಿದ್ದಕ್ಕಲ್ಲ, ಆ ಮೋಡ್ ಇರುವುದೇ ಹಾಗೆ. ಅದಕ್ಕೇ ಹೋಸ್ಟ್-ಓನ್ಲಿ ಬೇಕಾದವರು ಎರಡು ಅಡಾಪ್ಟರ್ (ವಿಎಂನ ನೆಟ್‌ವರ್ಕ್ ಕಾರ್ಡ್) ಇಟ್ಟುಕೊಳ್ಳುತ್ತಾರೆ, ಒಂದು ನ್ಯಾಟ್, ಒಂದು ಹೋಸ್ಟ್-ಓನ್ಲಿ.

192.168.122 ಆಗಿದ್ದರೆ ಅದು ಲಿನಕ್ಸ್ ಹೋಸ್ಟ್ ಮೇಲೆ ವಿಎಂ ಓಡಿಸುವ ಕೆವಿಎಂನ ಡೀಫಾಲ್ಟ್ ನ್ಯಾಟ್.

ನಿಮ್ಮ ರೂಟರ್ ಕೊಡುವ ಸರಣಿಯದ್ದೇ ವಿಳಾಸ, ಉದಾಹರಣೆಗೆ ಹೋಸ್ಟ್‌ನದು 192.168.1.7, ಗೆಸ್ಟ್‌ನದು 192.168.1.12, ಹೀಗಿದ್ದರೆ ಬ್ರಿಜ್ಡ್ ಮೋಡ್, ಅಂದರೆ ವಿಎಂ ನೆಟ್‌ವರ್ಕ್‌ಗೆ ಇನ್ನೊಂದು ಸಾಧನವಾಗಿ ನೇರ ಸೇರುವ ಬಗೆ, ಸರಿಯಾಗಿದೆ. ಬ್ರಿಜ್ಡ್‌ನಲ್ಲೇ ಹೋಸ್ಟ್ 192.168.1 ಸರಣಿಯಲ್ಲಿದ್ದು ಗೆಸ್ಟ್ ಬೇರೆ ಸರಣಿಗೆ ಅಂಟಿಕೊಂಡಿದ್ದರೆ ಅದು ನಿನ್ನೆಯ ನೆಟ್‌ವರ್ಕ್‌ನ ವಿಳಾಸವನ್ನು ಇನ್ನೂ ಬಿಟ್ಟಿಲ್ಲ.

169.254 ಎಂದು ಶುರುವಾಗಿದ್ದರೆ ಗೆಸ್ಟ್ ವಿಳಾಸ ಕೇಳಿದೆ, ಯಾರೂ ಕೊಟ್ಟಿಲ್ಲ, ತಾನೇ ಒಂದನ್ನು ಕಟ್ಟಿಕೊಂಡಿದೆ. ವಿಂಡೋಸ್ ಗೆಸ್ಟ್‌ನಲ್ಲಿ ಇದು ಸಾಮಾನ್ಯ ದೃಶ್ಯ. ಅಡಾಪ್ಟರ್ ಕೆಲಸ ಮಾಡುತ್ತಿದೆ, ಆದರೆ ಆಚೆ ಬದಿಯಲ್ಲಿ ಡಿಎಚ್‌ಸಿಪಿಯ, ಅಂದರೆ ವಿಳಾಸ ಹಂಚುವ ಸೇವೆಯ, ಉತ್ತರವಿಲ್ಲ.

ವಿಳಾಸವೇ ಇಲ್ಲದಿದ್ದರೆ ಆ ಸಾಲಿನಲ್ಲಿ "ಸ್ಟೇಟ್ ಡೌನ್" ಅಥವಾ "ನೋ-ಕ್ಯಾರಿಯರ್" ಇದೆಯೇ ನೋಡಿ. ನೋ-ಕ್ಯಾರಿಯರ್ ಎಂದರೆ ವರ್ಚುವಲ್ ಕೇಬಲ್ ಕಿತ್ತಿದೆ. ಅಡಾಪ್ಟರಿನ ಸಾಲೇ ಕಾಣದಿದ್ದರೆ ಆ ಕಾರ್ಡನ್ನು ನಡೆಸುವ ಡ್ರೈವರ್ ಇಲ್ಲ. ಕೆವಿಎಂನಲ್ಲಿ ವರ್ಟ್‌ಐಓ ಕಾರ್ಡ್ ಕೊಟ್ಟು ವಿಂಡೋಸ್ ಹಾಕಿದವರಿಗೆ, ವಿಎಂ ಓಡಿಸುವ ಇನ್ನೊಂದು ಸಾಫ್ಟ್‌ವೇರ್ ವಿಎಂವೇರ್‌ನಲ್ಲಿ ವಿಎಂಎಕ್ಸ್‌ನೆಟ್3 ಕಾರ್ಡ್ ಕೊಟ್ಟು ವಿಂಡೋಸ್ ಗೆಸ್ಟ್‌ಗೆ ವಿಎಂವೇರ್ ಟೂಲ್ಸ್ ಹಾಕದವರಿಗೆ ಹೀಗಾಗುತ್ತದೆ. ತಾತ್ಕಾಲಿಕವಾಗಿ ಕಾರ್ಡಿನ ಮಾದರಿಯನ್ನು ಇಂಟೆಲ್ ಇ1000ಕ್ಕೆ ಬದಲಿಸಿ, ನೆಟ್ ಬಂದ ಮೇಲೆ ಡ್ರೈವರ್ ಹಾಕಿಕೊಳ್ಳಿ.

ಹಂತ 3: ನಾಲ್ಕು ಪಿಂಗ್, ಇದೇ ಕ್ರಮದಲ್ಲಿ

ಗೇಟ್‌ವೇ ಯಾವುದು ಅಂತ "ಐಪಿ ರೂಟ್" ಕಮಾಂಡಿನ "ಡೀಫಾಲ್ಟ್ ವಯಾ" ಸಾಲಿನಲ್ಲಿ ಸಿಗುತ್ತದೆ. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ತೋರಿಸಿಬಿಟ್ಟಿರುತ್ತದೆ. ಆಮೇಲೆ ಒಂದೊಂದಾಗಿ ಪಿಂಗ್ ಮಾಡಿ, ಅಂದರೆ "ಪಿಂಗ್" ಮುಂದೆ ವಿಳಾಸ ಕೊಟ್ಟು ಉತ್ತರ ಬರುತ್ತದೆಯೇ ನೋಡಿ: ಮೊದಲು ಗೆಸ್ಟ್‌ನ ಸ್ವಂತ ವಿಳಾಸ, ನಂತರ ಗೇಟ್‌ವೇ, ನಂತರ ಗೂಗಲ್‌ನ ಡಿಎನ್‌ಎಸ್ ಸರ್ವರ್ 8.8.8.8, ಕೊನೆಗೆ ಯಾವುದಾದರೂ ಸೈಟಿನ ಹೆಸರು. ಲಿನಕ್ಸ್‌ನಲ್ಲಿ ಪಿಂಗ್ ತಾನಾಗಿ ನಿಲ್ಲುವುದಿಲ್ಲ, ಕಂಟ್ರೋಲ್ ಮತ್ತು ಸಿ ಒತ್ತಿ.

ಗೇಟ್‌ವೇಗೇ ಹೋಗದಿದ್ದರೆ ತೊಂದರೆ ವಿಎಂ ಮತ್ತು ಹೋಸ್ಟ್‌ನ ನಡುವೆ. ಹಂತ 4 ಮತ್ತು 5 ನಿಮಗಾಗಿ. ಗೇಟ್‌ವೇಗೆ ಹೋಗಿ 8.8.8.8ಕ್ಕೆ ಹೋಗದಿದ್ದರೆ ಹೋಸ್ಟ್‌ನಿಂದ ಆಚೆಗೆ: ಫೈರ್‌ವಾಲ್, ವಿಪಿಎನ್ (ಕಂಪನಿಯ ನೆಟ್‌ವರ್ಕ್‌ಗೆ ಸೇರಿಸುವ ಗುಪ್ತ ದಾರಿ), ಕಾಲೇಜಿನ ಲಾಗಿನ್ ಪುಟ. 8.8.8.8ಕ್ಕೆ ಹೋಗಿ ಹೆಸರಿಗೆ ಹೋಗದಿದ್ದರೆ ಡಿಎನ್‌ಎಸ್ ಮಾತ್ರ, ಅದು ಹಂತ 7ರಲ್ಲಿದೆ. ನಾಲ್ಕೂ ಹೋಗಿ ಬ್ರೌಸರ್ ಮಾತ್ರ ತೆರೆಯದಿದ್ದರೆ ನೇರ ಹಂತ 7ಕ್ಕೆ ಹೋಗಿ.

ಒಂದು ಎಚ್ಚರಿಕೆ. ಪಿಂಗ್ ಹೋಗಲಿಲ್ಲ ಎಂದರೆ ನೆಟ್ ಇಲ್ಲವೆಂದೇ ಅರ್ಥವಲ್ಲ. ವಿಂಡೋಸ್ ಫೈರ್‌ವಾಲ್ ಪಬ್ಲಿಕ್ ಪ್ರೊಫೈಲ್‌ನಲ್ಲಿ ಹೊರಗಿನ ಪಿಂಗ್‌ಗೆ ಉತ್ತರಿಸುವುದಿಲ್ಲ. ಕೆಲವು ಕ್ಯಾಂಪಸ್ ಫೈರ್‌ವಾಲ್‌ಗಳು ಪಿಂಗನ್ನೇ ತಡೆಯುತ್ತವೆ. ವಿಎಂ ಓಡಿಸುವ ಇನ್ನೊಂದು ಸಾಫ್ಟ್‌ವೇರ್ ಕ್ಯೂಎಮುವಿನ ಯೂಸರ್ ಮೋಡಿನಲ್ಲಿ ಬ್ರೌಸರ್ ಸಲೀಸಾಗಿ ನಡೆದರೂ ಪಿಂಗ್ ಹೋಗದಿರುವುದುಂಟು. ಅದೇ ಜಾಗದಲ್ಲಿ ಹೋಸ್ಟ್‌ನಿಂದಲೂ ಒಮ್ಮೆ 8.8.8.8ಕ್ಕೆ ಪಿಂಗ್ ಮಾಡಿ ಹೋಲಿಸಿ.

ಹಂತ 4: ಮೋಡ್ ಜಾಗಕ್ಕೆ ತಕ್ಕಂತಿದೆಯೇ?

ಬೆಳಿಗ್ಗೆ ಇದ್ದ ನೆಟ್ ರಾತ್ರಿ ಹೋಯಿತು ಅನ್ನುವವರು ಮೊದಲು ಅನುಮಾನಿಸಬೇಕಾದ್ದು ಇಲ್ಲಿ. ವರ್ಚುವಲ್‌ಬಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಅಡಾಪ್ಟರ್ 1, "ಅಟ್ಯಾಚ್ಡ್ ಟು" ನೋಡಿ.

ಬ್ರಿಜ್ಡ್ ಅಂತಿದ್ದರೆ ಅದರ ಕೆಳಗೆ ಹೋಸ್ಟ್‌ನ ಯಾವ ಕಾರ್ಡಿಗೆ ಕಟ್ಟಿದೆ ಎಂಬ ಹೆಸರಿರುತ್ತದೆ. ಲ್ಯಾಬಿನಲ್ಲಿ ಕೇಬಲ್ ಹಾಕಿ ಸೆಟ್ ಮಾಡಿದ್ದರೆ ಅಲ್ಲಿ ಈಥರ್ನೆಟ್ ಕಾರ್ಡಿನ ಹೆಸರು ಕೂತಿರುತ್ತದೆ. ರೂಮಿಗೆ ಬಂದ ಮೇಲೆ ಹೋಸ್ಟ್ ವೈಫೈನಲ್ಲಿದೆ, ವಿಎಂ ಮಾತ್ರ ಕೇಬಲ್ ಇಲ್ಲದ ಈಥರ್ನೆಟ್ ಕಾರ್ಡಿಗೆ ಕಟ್ಟಿಕೊಂಡೇ ಇದೆ. ಹೆಸರು ವೈಫೈ ಕಾರ್ಡಿಗೆ ಬದಲಿಸಿದರೆ ಸಾಕು. ಬ್ರಿಜ್ಡ್ ಪಟ್ಟಿಯೇ ಖಾಲಿ ಬಂದರೆ ವಿಂಡೋಸ್ ಹೋಸ್ಟ್‌ನ ನೆಟ್‌ವರ್ಕ್ ಕಾರ್ಡಿನ ಪ್ರಾಪರ್ಟೀಸ್ ತೆರೆದು "ವರ್ಚುವಲ್‌ಬಾಕ್ಸ್ ಎನ್‌ಡಿಐಎಸ್6 ಬ್ರಿಜ್ಡ್ ನೆಟ್‌ವರ್ಕಿಂಗ್ ಡ್ರೈವರ್" ಎದುರು ಟಿಕ್ ಇದೆಯೇ ನೋಡಿ. ಆ ಸಾಲೇ ಇಲ್ಲದಿದ್ದರೆ ವರ್ಚುವಲ್‌ಬಾಕ್ಸ್ ಇನ್‌ಸ್ಟಾಲರ್ ಮತ್ತೊಮ್ಮೆ ಓಡಿಸಿ ರಿಪೇರ್ ಕೊಡಿ. ನಿಮ್ಮ ವಿಎಂಗಳಿಗೆ ಏನೂ ಆಗುವುದಿಲ್ಲ.

ವೈಫೈ ಮೇಲೆ ಬ್ರಿಜ್ಡ್ ಎಂದರೆ ನನಗೆ ಅಷ್ಟು ನಂಬಿಕೆಯಿಲ್ಲ. ವೈಫೈ ಆಕ್ಸೆಸ್ ಪಾಯಿಂಟ್ ಪ್ರತಿ ಸಾಧನ ತನ್ನ ಬಳಿ ನೋಂದಾಯಿಸಿದ ಒಂದು ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಜತೆ ಮಾತ್ರ ಮಾತಾಡಲು ಒಪ್ಪುತ್ತದೆ. ವಿಎಂ ತನ್ನದೇ ಇನ್ನೊಂದು ಮ್ಯಾಕ್ ಇಟ್ಟುಕೊಂಡು ಅದೇ ಕಾರ್ಡಿನಿಂದ ಮಾತಾಡಲು ಹೋದರೆ ಅದು ಒಪ್ಪುವುದಿಲ್ಲ. ವರ್ಚುವಲ್‌ಬಾಕ್ಸ್, ವಿಎಂವೇರ್ ಎರಡೂ ಮ್ಯಾಕ್ ತಿದ್ದಿ ಇದನ್ನು ಸಂಭಾಳಿಸಲು ನೋಡುತ್ತವೆ. ಮನೆಯ ರೂಟರ್‌ನಲ್ಲಿ ಎಷ್ಟೋ ಸಲ ನಡೆಯುತ್ತದೆ, ದೊಡ್ಡ ಕ್ಯಾಂಪಸ್ ವೈಫೈನಲ್ಲಿ ಕೈಕೊಡುತ್ತದೆ. ಜತೆಗೆ ಲಾಗಿನ್ ಪುಟವಿರುವ ವೈಫೈಗೆ ಬ್ರಿಜ್ಡ್ ವಿಎಂ ಇನ್ನೊಂದು ಸಾಧನ. ಅದಕ್ಕೆ ಬೇರೆ ಲಾಗಿನ್ ಬೇಕು, ಒಬ್ಬರಿಗೆ ಇಷ್ಟೇ ಸಾಧನ ಎಂಬ ಮಿತಿ ಇದ್ದರೆ ಅದೂ ಇಲ್ಲ.

ಲ್ಯಾಬಿನ ಕೇಬಲ್‌ಗೂ ಒಂದು ಅಪಾಯ ಇದೆ. ವಿಎಂ ಆನ್ ಮಾಡಿದ ಕೂಡಲೇ ಹೋಸ್ಟ್‌ನ ನೆಟ್ಟೂ ಹೋಯಿತು, ವಿಎಂ ಆಫ್ ಮಾಡಿದರೂ ಬರಲಿಲ್ಲ ಎಂದರೆ ಸ್ವಿಚ್‌ನಲ್ಲಿ ಪೋರ್ಟ್ ಸೆಕ್ಯುರಿಟಿ ಇರಬಹುದು. ಒಂದು ಪೋರ್ಟಿಗೆ ಒಂದೇ ಮ್ಯಾಕ್ ಎಂದು ಕಟ್ಟಿಟ್ಟಿರುತ್ತಾರೆ, ಎರಡನೆಯದು ಕಂಡ ತಕ್ಷಣ ಪೋರ್ಟ್ ಮುಚ್ಚಿಕೊಳ್ಳುತ್ತದೆ. ಅದನ್ನು ತೆರೆಯುವುದು ನೆಟ್‌ವರ್ಕ್ ನೋಡಿಕೊಳ್ಳುವವರ ಕೈಯಲ್ಲಿ ಮಾತ್ರ. ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ "ಬ್ರಿಜ್ಡ್ ಹಾಕಿದ್ದೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಕೆಲಸ ಬೇಗ ಆಗುತ್ತದೆ.

ಹಾಗಾದರೆ ಯಾವ ಮೋಡ್? ಓಡಾಡುವ ಲ್ಯಾಪ್‌ಟಾಪ್‌ಗೆ ನ್ಯಾಟ್, ಕಣ್ಣುಮುಚ್ಚಿ. ಹೋಸ್ಟ್‌ಗೆ ಯಾವ ನೆಟ್ ಸಿಗಲಿ, ಕೇಬಲ್, ವೈಫೈ, ಹಾಟ್‌ಸ್ಪಾಟ್, ಫೋನಿನ ಯುಎಸ್‌ಬಿ ಟೆದರಿಂಗ್, ಗೆಸ್ಟ್ ಅದರ ಹಿಂದೆ ನಿಂತು ಅದನ್ನೇ ಬಳಸಿಕೊಳ್ಳುತ್ತದೆ. ನ್ಯಾಟ್‌ನ ಕೊರತೆ ಒಂದೇ: ಹೊರಗಿನಿಂದ ಗೆಸ್ಟ್‌ಗೆ ನೇರ ಬರಲಾಗುವುದಿಲ್ಲ. ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಇದೆ, ಅಂದರೆ ಹೋಸ್ಟ್‌ನ ಒಂದು ಬಾಗಿಲಿಗೆ ಬಂದದ್ದನ್ನು ಗೆಸ್ಟ್‌ಗೆ ದಾಟಿಸುವುದು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅಡ್ವಾನ್ಸ್ಡ್, ಪೋರ್ಟ್ ಫಾರ್ವರ್ಡಿಂಗ್‌ಗೆ ಹೋಗಿ ಹೋಸ್ಟ್ ಪೋರ್ಟ್ 2222, ಗೆಸ್ಟ್ ಪೋರ್ಟ್ 22 ಎಂದು ಒಂದು ಸಾಲು ಸೇರಿಸಿದರೆ ಹೋಸ್ಟ್‌ನಿಂದ 127.0.0.1ರ 2222ಕ್ಕೆ ಎಸ್‌ಎಸ್‌ಎಚ್ ಮಾಡಬಹುದು, ಅಂದರೆ ಗೆಸ್ಟ್‌ನ ಟರ್ಮಿನಲ್ ಹೊರಗಿನಿಂದ ತೆರೆಯಬಹುದು. ಲ್ಯಾಬ್ ಪ್ರಯೋಗದ ವೆಬ್ ಸರ್ವರ್‌ಗೂ ಹೀಗೇ, ಹೋಸ್ಟ್ 8080, ಗೆಸ್ಟ್ 80.

ಹಂತ 5: ವರ್ಚುವಲ್ ಕೇಬಲ್ ಕಿತ್ತು ಹಾಕಿ

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ರೂಟರ್ ಮಾತ್ರ ಆರಿ ಹೊತ್ತಿಕೊಳ್ಳುತ್ತದೆ. ಹೋಸ್ಟ್‌ಗೆ ಸಂಪರ್ಕ ಕಡಿದದ್ದು ತಿಳಿಯುತ್ತದೆ, ಮತ್ತೆ ವಿಳಾಸ ಕೇಳುತ್ತದೆ. ಬ್ರಿಜ್ಡ್ ಗೆಸ್ಟ್‌ನ ವರ್ಚುವಲ್ ಕೇಬಲ್ ಮಾತ್ರ ಕಿತ್ತೇ ಇಲ್ಲದಂತೆ ಕಾಣುತ್ತಿರುತ್ತದೆ, ಅದು ಹಳೆಯ ವಿಳಾಸದಲ್ಲೇ ಕೂತಿರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಸ್ಲೀಪ್‌ಗೆ ಕಳಿಸಿ ಬೇರೆ ಕಡೆ ತೆರೆದಾಗಲೂ, ಸೇವ್ ಮಾಡಿದ ಸ್ಥಿತಿಯಿಂದ ವಿಎಂ ಎಬ್ಬಿಸಿದಾಗಲೂ ಇದೇ ಕಥೆ.

ಗೆಸ್ಟ್ ರೀಸ್ಟಾರ್ಟ್ ಮಾಡಬೇಕಿಲ್ಲ. ವರ್ಚುವಲ್‌ಬಾಕ್ಸ್ ಕಿಟಕಿಯ ಮೇಲಿನ ಡಿವೈಸಸ್ ಮೆನುವಿನಲ್ಲಿ ನೆಟ್‌ವರ್ಕ್‌ಗೆ ಹೋಗಿ "ಕನೆಕ್ಟ್ ನೆಟ್‌ವರ್ಕ್ ಅಡಾಪ್ಟರ್" ಟಿಕ್ ತೆಗೆಯಿರಿ, ಸ್ವಲ್ಪ ತಡೆದು ಮತ್ತೆ ಹಾಕಿ. ಗೆಸ್ಟ್‌ಗೆ ಕೇಬಲ್ ಕಿತ್ತು ಹಾಕಿದಂತೆ ಅನ್ನಿಸಿ ಹೊಸದಾಗಿ ವಿಳಾಸ ಕೇಳುತ್ತದೆ. ವಿಎಂವೇರ್‌ನಲ್ಲಿ ರಿಮೂವಬಲ್ ಡಿವೈಸಸ್ ಕೆಳಗೆ ನೆಟ್‌ವರ್ಕ್ ಅಡಾಪ್ಟರ್‌ಗೆ ಡಿಸ್‌ಕನೆಕ್ಟ್, ಆಮೇಲೆ ಕನೆಕ್ಟ್. ಕಮಾಂಡಿನಿಂದಲೇ ಮಾಡುವವರಿಗೆ ವಿಂಡೋಸ್ ಗೆಸ್ಟ್‌ನಲ್ಲಿ "ಐಪಿಕಾನ್ಫಿಗ್" ಜತೆ ಓರೆಗೆರೆ ಹಾಕಿ ರಿಲೀಸ್, ನಂತರ ಹಾಗೇ ರಿನ್ಯೂ. ಉಬುಂಟು ಸರ್ವರ್‌ನಲ್ಲಿ "ಸುಡೊ ನೆಟ್‌ಪ್ಲ್ಯಾನ್ ಅಪ್ಲೈ".

ಎಷ್ಟು ಮಾಡಿದರೂ ನೋ-ಕ್ಯಾರಿಯರ್ ಅಂದರೆ ಸೆಟ್ಟಿಂಗ್ಸ್‌ನಲ್ಲಿ "ಕೇಬಲ್ ಕನೆಕ್ಟೆಡ್" ಟಿಕ್ ಹೋಗಿದೆಯೇ ನೋಡಿ.

ಹಂತ 6: ಪೆನ್‌ಡ್ರೈವ್‌ನಲ್ಲಿ ಬಂದ ವಿಎಂ

ಒಬ್ಬರು ವಿಎಂ ತಯಾರು ಮಾಡುತ್ತಾರೆ, ಫೋಲ್ಡರ್ ಪೆನ್‌ಡ್ರೈವ್‌ಗೆ ಹೋಗುತ್ತದೆ, ಸಂಜೆಯೊಳಗೆ ಇಡೀ ಬ್ಯಾಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದೇ ವಿಎಂ. ಎಲ್ಲರೂ ನ್ಯಾಟ್‌ನಲ್ಲಿದ್ದರೆ ತೊಂದರೆಯಿಲ್ಲ. ಎಲ್ಲರೂ ಒಂದೇ ನೆಟ್‌ವರ್ಕ್‌ನಲ್ಲಿ ಬ್ರಿಜ್ಡ್ ಹಾಕಿಕೊಂಡರೆ ಜಗಳ ಶುರು, ಏಕೆಂದರೆ ಫೋಲ್ಡರ್ ಜತೆ ಮ್ಯಾಕ್ ವಿಳಾಸವೂ ನಕಲಾಗಿದೆ. ಇದರ ಲಕ್ಷಣ ವಿಚಿತ್ರ: ನೆಟ್ ಪೂರ್ತಿ ಹೋಗುವುದಿಲ್ಲ, ಬಂದು ಬಂದು ಹೋಗುತ್ತದೆ. ಪಿಂಗ್‌ನಲ್ಲಿ ನಾಲ್ಕು ಉತ್ತರ, ಆರು ಮೌನ. ಪಕ್ಕದ ಬೆಂಚಿನವರು ವಿಎಂ ಆಫ್ ಮಾಡಿದ ತಕ್ಷಣ ನಿಮ್ಮದು ಸರಿಯಾದರೆ ಕಾರಣ ಇದೇ.

ಮ್ಯಾಕ್ ವಿಳಾಸ ನೋಡಿದರೆ ಅದು ಯಾರ ಕಾರ್ಡ್ ಎಂಬುದೂ ಗೊತ್ತಾಗುತ್ತದೆ. ವರ್ಚುವಲ್‌ಬಾಕ್ಸ್‌ನದು 08:00:27ರಿಂದ ಶುರು, ಕೆವಿಎಂನದು 52:54:00ರಿಂದ. ಎರಡು ಲ್ಯಾಪ್‌ಟಾಪ್‌ನ ಗೆಸ್ಟ್‌ಗಳಲ್ಲಿ ಉಳಿದ ಭಾಗವೂ ಒಂದೇ ಆಗಿದ್ದರೆ ವಿಎಂ ಆಫ್ ಮಾಡಿ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಮ್ಯಾಕ್ ಅಡ್ರೆಸ್ ಪಕ್ಕದ ಸುತ್ತುಬಾಣದ ಗುರುತು ಒತ್ತಿ. ಹೊಸ ಮ್ಯಾಕ್ ಬರುತ್ತದೆ. ವಿಎಂವೇರ್ ಮೊದಲ ಸಲ ತೆರೆದಾಗ "ಐ ಮೂವ್ಡ್ ಇಟ್, ಐ ಕಾಪೀಡ್ ಇಟ್" ಎಂದು ಕೇಳುತ್ತದಲ್ಲ, ಪೆನ್‌ಡ್ರೈವ್ ವಿಎಂಗೆ ಕಾಪೀಡ್ ಕೊಡಬೇಕು. ಮೂವ್ಡ್ ಎಂದರೆ ಹಳೆಯ ಮ್ಯಾಕ್ ಹಾಗೇ ಉಳಿಯುತ್ತದೆ.

ಮ್ಯಾಕ್ ಬದಲಿಸಿದರೂ ಎರಡು ಉಬುಂಟು ಸರ್ವರ್‌ಗಳಿಗೆ ಒಂದೇ ಐಪಿ ಬರುತ್ತಿದೆಯೇ? ಇದು ಅನುಭವಿಗಳನ್ನೂ ಸುಸ್ತು ಮಾಡುತ್ತದೆ. ಈಗಿನ ಉಬುಂಟು ಸರ್ವರ್ ಡಿಎಚ್‌ಸಿಪಿ ಮುಂದೆ ತನ್ನ ಗುರುತು ಹೇಳಿಕೊಳ್ಳುವುದು ಮ್ಯಾಕ್‌ನಿಂದಲ್ಲ, ಇಟಿಸಿ ಫೋಲ್ಡರಿನಲ್ಲಿರುವ ಮಷೀನ್-ಐಡಿ ಎಂಬ ಫೈಲಿನಿಂದ ಕಟ್ಟಿದ ಗುರುತಿನಿಂದ. ನಕಲು ವಿಎಂನಲ್ಲಿ ಆ ಫೈಲೂ ನಕಲು. ಅದರೊಳಗಿನ ಬರಹ ಅಳಿಸಿ ಖಾಲಿ ಮಾಡಿ, ಫೈಲನ್ನೇ ಡಿಲೀಟ್ ಮಾಡಬೇಡಿ, ರೀಬೂಟ್ ಕೊಡಿ. ಹೊಸ ಗುರುತು ತಾನಾಗಿ ಹುಟ್ಟುತ್ತದೆ.

ಇನ್ನೊಂದು ಬಗೆ: 2024ರಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಉಚಿತವಾದ ಮೇಲೆ ವರ್ಚುವಲ್‌ಬಾಕ್ಸ್‌ನ ವಿಎಂ ಅಲ್ಲಿಗೆ ಸಾಗಿಸಿದವರದ್ದು. ವರ್ಚುವಲ್‌ಬಾಕ್ಸ್‌ನಲ್ಲಿ ಮೊದಲ ಕಾರ್ಡಿನ ಹೆಸರು ಸಾಮಾನ್ಯವಾಗಿ ಇಎನ್‌ಪಿ0ಎಸ್3. ವಿಎಂವೇರ್‌ಗೆ ಬಂದಾಗ ಅದು ಇಎನ್‌ಎಸ್33 ಆಗಿಬಿಡುತ್ತದೆ. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲ್ಯಾನ್ ಫೈಲಿನಲ್ಲಿ ಹಳೆಯ ಹೆಸರೇ ಇರುವುದರಿಂದ ಹೊಸ ಕಾರ್ಡನ್ನು ಯಾರೂ ಕೇಳುವುದಿಲ್ಲ. "ಐಪಿ ಎ" ತೋರಿಸುವ ಹೆಸರನ್ನು ಇಟಿಸಿ ಒಳಗಿನ ನೆಟ್‌ಪ್ಲ್ಯಾನ್ ಫೋಲ್ಡರಿನ ಫೈಲಿನಲ್ಲಿ ತಿದ್ದಿ, ಅಪ್ಲೈ ಕೊಡಿ. ಆ ಫೈಲಿನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ, ಟ್ಯಾಬ್ ಒತ್ತಬೇಡಿ.

ಹಂತ 7: ಪಿಂಗ್ ಹೋಗುತ್ತದೆ, ಬ್ರೌಸರ್ ತೆರೆಯುತ್ತಿಲ್ಲ

ಹೆಸರಿಗೆ ಪಿಂಗ್ ಹೋಗದಿದ್ದರೆ ಡಿಎನ್‌ಎಸ್. ಪರೀಕ್ಷೆಗೆ ಗೆಸ್ಟ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ ನೋಡಿ. ಉಬುಂಟುವಿನ ರಿಸಾಲ್ವ್.ಕಾನ್ಫ್ ಫೈಲಿನಲ್ಲಿ 127.0.0.53 ಎಂದು ಕಂಡರೆ ಅದು ತಪ್ಪಲ್ಲ, ತಿದ್ದಲು ಹೋಗಬೇಡಿ. ಒಳಗಿನ ಸೇವೆಯೊಂದು ಅಲ್ಲಿ ಕೂತು ಹೊರಗೆ ಕೇಳುತ್ತದೆ. ಯಾರನ್ನು ಕೇಳುತ್ತಿದೆ ಎಂದು "ರಿಸಾಲ್ವ್‌ಸಿಟಿಎಲ್ ಸ್ಟೇಟಸ್" ಹೇಳುತ್ತದೆ. ಹೊರಗಿನ ಡಿಎನ್‌ಎಸ್ ಬಳಸಲು ಬಿಡದ ಕ್ಯಾಂಪಸ್‌ಗಳಲ್ಲಿ 8.8.8.8 ಹಾಕಿದರೆ ಇದ್ದದ್ದೂ ಹೋಗುತ್ತದೆ, ಅಲ್ಲಿ ಕ್ಯಾಂಪಸ್ ಕೊಟ್ಟದ್ದನ್ನೇ ಬಿಡಿ.

ಹೆಸರಿಗೂ ಪಿಂಗ್ ಹೋಗುತ್ತದೆ ಅಂದರೆ ನನ್ನ ಮೊದಲ ಅನುಮಾನ ಪ್ರಾಕ್ಸಿ ಮೇಲೆ, ಅಂದರೆ ನಡುವೆ ನಿಂತು ನೆಟ್ ತಂದುಕೊಡುವ ಸರ್ವರ್ ಮೇಲೆ. ಲ್ಯಾಬಿನಲ್ಲಿ ಏಪಿಟಿ (ಉಬುಂಟುವಿಗೆ ಸಾಫ್ಟ್‌ವೇರ್ ಇಳಿಸಿ ಹಾಕುವ ಕಮಾಂಡ್) ನಡೆಯಲೆಂದು ಗೆಸ್ಟ್‌ನಲ್ಲಿ ಕಾಲೇಜಿನ ಪ್ರಾಕ್ಸಿ ಹಾಕಿರುತ್ತೀರಿ. ರೂಮಿಗೆ ಬಂದಾಗ ಆ ಪ್ರಾಕ್ಸಿ ಕೈಗೆ ಸಿಗುವುದಿಲ್ಲ, ಗೆಸ್ಟ್ ಮಾತ್ರ ಅದನ್ನೇ ಹುಡುಕುತ್ತಿರುತ್ತದೆ. ಮೂರು ಕಡೆ ನೋಡಬೇಕು: ಡೆಸ್ಕ್‌ಟಾಪ್‌ನ ನೆಟ್‌ವರ್ಕ್ ಪ್ರಾಕ್ಸಿ ಸೆಟ್ಟಿಂಗ್, ಟರ್ಮಿನಲ್‌ನಲ್ಲಿ "ಎನ್ವ್" ಕೊಟ್ಟಾಗ ಬರುವ ಪಟ್ಟಿಯ ಪ್ರಾಕ್ಸಿ ಸಾಲುಗಳು, ಮತ್ತು ಇಟಿಸಿ ಒಳಗಿನ ಏಪಿಟಿ ಫೋಲ್ಡರ್. ಒಂದನ್ನು ತೆಗೆದು ಇನ್ನೆರಡು ಮರೆತರೆ ಬ್ರೌಸರ್ ನಡೆಯುತ್ತದೆ, ಏಪಿಟಿ ನಡೆಯುವುದಿಲ್ಲ.

ಗಡಿಯಾರವನ್ನೂ ನೋಡಿ. ವಾರದ ಹಿಂದೆ ಸೇವ್ ಮಾಡಿದ ವಿಎಂ ಎಬ್ಬಿಸಿದಾಗ ಅದರ ಗಡಿಯಾರ ಆ ವಾರದಲ್ಲೇ ನಿಂತಿರಬಹುದು. ಆಗ ಎಚ್‌ಟಿಟಿಪಿಎಸ್ ಸೈಟ್‌ಗಳು ಪ್ರಮಾಣಪತ್ರ ಸರಿಯಿಲ್ಲ ಅನ್ನುತ್ತವೆ, ಏಪಿಟಿ "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಎನ್ನುತ್ತದೆ. ನೆಟ್ ಚೆನ್ನಾಗಿಯೇ ಇರುತ್ತದೆ. "ಟೈಮ್‌ಡೇಟ್‌ಸಿಟಿಎಲ್" ಕೊಟ್ಟು ಸಮಯ ನೋಡಿ ಸರಿಪಡಿಸಿ.

ಬೆಂಗಳೂರಿನ ಕಂಪನಿಗೆ ದಾವಣಗೆರೆ ಅಥವಾ ಚಿತ್ರದುರ್ಗದ ಮನೆಯಿಂದ ಕೆಲಸ ಮಾಡುವವರಿಗೆ ಇನ್ನೊಂದು ತಲೆನೋವು, ವಿಪಿಎನ್. ಹೋಸ್ಟ್‌ನಲ್ಲಿ ವಿಪಿಎನ್ ಹಾಕಿದಾಗ ನ್ಯಾಟ್ ಗೆಸ್ಟ್ ಸಾಮಾನ್ಯವಾಗಿ ಅದರೊಳಗೇ ಹೋಗುತ್ತದೆ. ಬ್ರಿಜ್ಡ್ ಗೆಸ್ಟ್ ಹೋಗುವುದಿಲ್ಲ, ಅದು ನೇರ ಮನೆಯ ರೂಟರ್ ಹಿಡಿಯುತ್ತದೆ. ಕಂಪನಿಯ ಸರ್ವರ್ ಹೋಸ್ಟ್‌ಗೆ ಸಿಕ್ಕಿ ಗೆಸ್ಟ್‌ಗೆ ಸಿಗದಿದ್ದರೆ ಮೋಡ್ ಬದಲಿಸಿ ನೋಡಿ. ಡಬ್ಲ್ಯೂಎಸ್‌ಎಲ್2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಬಳಸುವವರೂ ಗಮನಿಸಿ, ಅದೂ ಒಳಗೆ ವಿಎಂ. ವಿಪಿಎನ್ ಹಾಕಿದಾಗ ಅದರ ಡಿಎನ್‌ಎಸ್ ಕೈಕೊಡುವುದು ಹಳೆಯ ಕಾಯಿಲೆ. ವಿಂಡೋಸ್ 11ರ 22ಎಚ್2 ಅಥವಾ ಮುಂದಿನ ಆವೃತ್ತಿ ಇದ್ದರೆ ಡಬ್ಲ್ಯೂಎಸ್‌ಎಲ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕಿಂಗ್ ಮೋಡ್ ಮಿರರ್ಡ್ ಮಾಡಿ, ಡಬ್ಲ್ಯೂಎಸ್‌ಎಲ್ ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ತೆರೆಯಿರಿ. ಸಣ್ಣ ಪುಟ ಬಂದು ದೊಡ್ಡ ಪುಟ ಅರ್ಧಕ್ಕೆ ನಿಲ್ಲುವುದು, ಎಸ್‌ಎಸ್‌ಎಚ್ ಲಾಗಿನ್ ಆಗಿ ಉದ್ದನೆಯ ಪಟ್ಟಿ ಕೇಳಿದಾಗ ನಿಂತುಬಿಡುವುದು, ಇವು ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸುವ ಪೊಟ್ಟಣದ ಗರಿಷ್ಠ ಗಾತ್ರ, ಹೊಂದದಿರುವ ಲಕ್ಷಣ. ಸಾಮಾನ್ಯ ಈಥರ್ನೆಟ್ ಎಂಟಿಯು 1500; ವಿಪಿಎನ್ ತನ್ನ ಹೊದಿಕೆಗೆ ಒಂದಷ್ಟು ಬೈಟ್ ತೆಗೆದುಕೊಳ್ಳುತ್ತದೆ. ಗೆಸ್ಟ್‌ನ ಎಂಟಿಯು 1400ಕ್ಕೆ ಇಳಿಸಿ ನೋಡಿ.

ಅಂಗಡಿಯಲ್ಲಿ ಓಡುವ ವಿಎಂ

ವಿದ್ಯಾರ್ಥಿಗಳ ಮಾತು ಬೇರೆ, ಮಂಡಿಪೇಟೆಯ ಅಂಗಡಿಯ ಮಾತು ಬೇರೆ. ಒಂದು ಕಂಪ್ಯೂಟರಿನ ವಿಎಂನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್, ಕೌಂಟರಿನ ಉಳಿದ ಕಂಪ್ಯೂಟರ್‌ಗಳು ಅದಕ್ಕೆ ಬಂದು ಸೇರುತ್ತವೆ. ಇಲ್ಲಿ ಬ್ರಿಜ್ಡ್ ಸಲೀಸು, ಅದೂ ಕೇಬಲ್ ಮೇಲೆ, ವಿಳಾಸವೂ ಬದಲಾಗಬಾರದು. ಸ್ಥಿರ ವಿಳಾಸವನ್ನು ಗೆಸ್ಟ್ ಒಳಗೆ ಬರೆದಿಡುವುದಕ್ಕಿಂತ ರೂಟರ್‌ನಲ್ಲಿ ಗೆಸ್ಟ್‌ನ ಮ್ಯಾಕ್‌ಗೆ ಒಂದು ವಿಳಾಸ ಕಾಯ್ದಿರಿಸುವುದು ಒಳ್ಳೆಯದು. ಯಾಕೆಂದರೆ ಫೈಬರ್ ಕಂಪನಿ ಬದಲಿಸಿದಾಗ ಹೊಸ ರೂಟರ್ ಬರುತ್ತದೆ, 192.168.1 ಇದ್ದದ್ದು 192.168.29 ಆಗಬಹುದು. ಗೆಸ್ಟ್ ಒಳಗೆ ಹಳೆಯ ವಿಳಾಸ, ಹಳೆಯ ಗೇಟ್‌ವೇ ಕೈಯಾರೆ ಬರೆದಿದ್ದರೆ ಮಾರನೇ ಬೆಳಿಗ್ಗೆ ಬಿಲ್ಲಿಂಗ್ ನಿಂತಿರುತ್ತದೆ, ಎಲ್ಲರೂ ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡುತ್ತಿರುತ್ತಾರೆ. ಗೆಸ್ಟ್ ಡಿಎಚ್‌ಸಿಪಿಯಲ್ಲಿದ್ದರೆ ಹೊಸ ರೂಟರ್‌ನಲ್ಲಿ ಕಾಯ್ದಿರಿಸಿ ಕೌಂಟರಿನ ಕಂಪ್ಯೂಟರ್‌ಗಳಲ್ಲಿ ವಿಳಾಸ ಬದಲಿಸಿದರೆ ಮುಗಿಯಿತು. ಯುಪಿಎಸ್ ಕಂಪ್ಯೂಟರಿಗೆ ಮಾತ್ರವಲ್ಲ, ರೂಟರ್ ಮತ್ತು ಸ್ವಿಚ್‌ಗೂ ಬೇಕು. ಗೆಸ್ಟ್ ವಿಂಡೋಸ್ ಆಗಿದ್ದು ಬೇರೆ ಕಂಪ್ಯೂಟರ್‌ಗಳಿಗೆ ಕಾಣದಿದ್ದರೆ ಅದರ ನೆಟ್‌ವರ್ಕ್ ಪ್ರೊಫೈಲ್ ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಿ.

ಬೇರೆ ಸಾಫ್ಟ್‌ವೇರ್‌ಗಳ ಸಣ್ಣ ಗುಟ್ಟುಗಳು

ವಿಎಂವೇರ್‌ನಲ್ಲಿ ವಿಎಂನೆಟ್0 ಬ್ರಿಜ್ಡ್, ವಿಎಂನೆಟ್1 ಹೋಸ್ಟ್-ಓನ್ಲಿ, ವಿಎಂನೆಟ್8 ನ್ಯಾಟ್. ನ್ಯಾಟ್‌ನಲ್ಲಿದ್ದೂ ವಿಳಾಸ ಬರದಿದ್ದರೆ ವಿಂಡೋಸ್ ಹೋಸ್ಟ್‌ನ ಸರ್ವೀಸಸ್ ಪಟ್ಟಿಯಲ್ಲಿ ವಿಎಂವೇರ್ ಡಿಎಚ್‌ಸಿಪಿ ಸರ್ವೀಸ್, ವಿಎಂವೇರ್ ನ್ಯಾಟ್ ಸರ್ವೀಸ್ ಎರಡೂ ಓಡುತ್ತಿವೆಯೇ ನೋಡಿ. ಓಡುತ್ತಿದ್ದೂ ಆಗದಿದ್ದರೆ ವರ್ಚುವಲ್ ನೆಟ್‌ವರ್ಕ್ ಎಡಿಟರ್ ಅನ್ನು ಅಡ್ಮಿನ್ ಆಗಿ ತೆರೆದು ರಿಸ್ಟೋರ್ ಡೀಫಾಲ್ಟ್ಸ್ ಕೊಡಿ. ಬ್ರಿಜ್ಡ್‌ನಲ್ಲಿ "ಆಟೋಮ್ಯಾಟಿಕ್" ಎಂದಿದ್ದರೆ ಅದು ಹೋಸ್ಟ್‌ನ ತಪ್ಪು ಕಾರ್ಡ್ ಹಿಡಿಯಬಹುದು, ವಿಪಿಎನ್‌ನದ್ದೋ ವರ್ಚುವಲ್‌ಬಾಕ್ಸ್‌ನದ್ದೋ. ಕಾರ್ಡಿನ ಹೆಸರು ಕೈಯಾರೆ ಆರಿಸಿ.

ವಿಂಡೋಸ್‌ನದೇ ವಿಎಂ ಸಾಫ್ಟ್‌ವೇರ್ ಹೈಪರ್-ವಿಯ ಡೀಫಾಲ್ಟ್ ಸ್ವಿಚ್ ನ್ಯಾಟ್ ಕೊಡುತ್ತದೆ, ಆದರೆ ಹೋಸ್ಟ್ ರೀಸ್ಟಾರ್ಟ್ ಆದಾಗ ಅದರ ವಿಳಾಸ ಸರಣಿ ಬದಲಾಗಬಹುದು. ಅಲ್ಲಿ ಗೆಸ್ಟ್‌ಗೆ ಸ್ಥಿರ ವಿಳಾಸ ಕೊಡಬೇಡಿ.

ಕೆವಿಎಂನಲ್ಲಿ ಹೋಸ್ಟ್ ರೀಬೂಟ್ ಆದ ಮೇಲೆ ಡೀಫಾಲ್ಟ್ ನೆಟ್‌ವರ್ಕ್ ಶುರುವಾಗದೆ ಕೂತಿದ್ದರೆ "ವಿರ್ಶ್ ನೆಟ್-ಸ್ಟಾರ್ಟ್ ಡೀಫಾಲ್ಟ್", ಮುಂದಿನ ಸಲಕ್ಕೂ ಇರಲೆಂದು "ವಿರ್ಶ್ ನೆಟ್-ಆಟೋಸ್ಟಾರ್ಟ್ ಡೀಫಾಲ್ಟ್".

ಡಾಕರ್ (ಆ್ಯಪ್‌ಗಳನ್ನು ಬೇರೆ ಬೇರೆ ಕಂಟೈನರ್‌ಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಇರುವ ಲಿನಕ್ಸ್ ಗೆಸ್ಟ್‌ನಲ್ಲಿ 172.17 ಸರಣಿಯನ್ನು ಡಾಕರ್ ಹಿಡಿದಿರುತ್ತದೆ. ಕ್ಯಾಂಪಸ್‌ನ ಯಾವುದಾದರೂ ಸರ್ವರ್ ಅದೇ ಸರಣಿಯಲ್ಲಿದ್ದರೆ ಅದೊಂದು ಮಾತ್ರ ಸಿಗುವುದಿಲ್ಲ, ಉಳಿದ ಇಂಟರ್ನೆಟ್ ಎಲ್ಲ ಸಿಗುತ್ತದೆ.

ಇಷ್ಟಾದರೂ ಆಗದಿದ್ದರೆ

ಹೋಸ್ಟ್‌ನ ಆಂಟಿವೈರಸ್ ಫೈರ್‌ವಾಲ್ ಅನ್ನು ಕೆಲವೇ ನಿಮಿಷ ನಿಲ್ಲಿಸಿ ನೋಡಿ. ಬ್ರಿಜ್ಡ್ ದಟ್ಟಣೆಯನ್ನು ಸದ್ದಿಲ್ಲದೆ ತಡೆಯುವವು ಇವೆ. ನೋಡಿದ ಮೇಲೆ ಮತ್ತೆ ಆನ್ ಮಾಡಿ. ಅಡಾಪ್ಟರ್ 1 ಹಾಗೇ ಬಿಟ್ಟು ಅಡಾಪ್ಟರ್ 2ನ್ನು ನ್ಯಾಟ್ ಆಗಿ ಸೇರಿಸಿ: ಎರಡನೆಯದರಲ್ಲಿ ನೆಟ್ ಬಂದರೆ ಗೆಸ್ಟ್ ಆರೋಗ್ಯವಾಗಿದೆ, ತೊಂದರೆ ಮೊದಲನೆಯದರ ಸೆಟ್ಟಿಂಗ್‌ನಲ್ಲಿ. ಉಬುಂಟು ಲೈವ್ ಐಎಸ್‌ಓ ಜೋಡಿಸಿ ಅದೇ ವಿಎಂ ಅನ್ನು ಲೈವ್ ಆಗಿ ತೆರೆಯುವುದು ಇನ್ನೂ ಖಚಿತ. ಲೈವ್‌ನಲ್ಲಿ ನೆಟ್ ಬಂದರೆ ನಿಮ್ಮ ಗೆಸ್ಟ್ ಓಎಸ್ ಒಳಗೆ ಏನೋ ಕೆಟ್ಟಿದೆ. ಬರದಿದ್ದರೆ ಓಎಸ್ ಅಳಿಸಿ ಹಾಕಿ ಪ್ರಯೋಜನವೇ ಇಲ್ಲ.

ಯಾರನ್ನಾದರೂ ಕೇಳುವಾಗ "ನೆಟ್ ಬರ್ತಿಲ್ಲ" ಎಂಬ ಒಂದು ಸಾಲು ಕಳಿಸಬೇಡಿ. ಹೋಸ್ಟ್ ಓಎಸ್, ಯಾವ ಸಾಫ್ಟ್‌ವೇರ್ ಮತ್ತು ಅದರ ಆವೃತ್ತಿ, ಯಾವ ಮೋಡ್, "ಐಪಿ ಎ" ಮತ್ತು "ಐಪಿ ರೂಟ್" ಕೊಟ್ಟ ಉತ್ತರ, ನಾಲ್ಕು ಪಿಂಗ್‌ಗಳಲ್ಲಿ ಯಾವುದರವರೆಗೆ ಹೋಯಿತು, ಮತ್ತು ಕೊನೆಯ ಸಲ ನೆಟ್ ಇದ್ದಾಗ ಲ್ಯಾಪ್‌ಟಾಪ್ ಯಾವ ನೆಟ್‌ವರ್ಕ್‌ನಲ್ಲಿತ್ತು, ಇಷ್ಟನ್ನೂ ಬರೆಯಿರಿ. ಸ್ಕ್ರೀನಿನ ಫೋಟೋ ಬೇಡ, ಅಕ್ಷರವನ್ನೇ ನಕಲಿಸಿ ಅಂಟಿಸಿ. ಫೋಟೋದಲ್ಲಿ ಸಂಖ್ಯೆ ಮಸುಕಾಗಿ 1 ಮತ್ತು 7 ಗೊತ್ತಾಗುವುದಿಲ್ಲ.